ಪದ ಪರಿಚಯ: ‘ಇಡ್ರೆಟ್ಸ್‌ಸ್ಟ್ರೈಕ್’ ಅಂದರೆ ಆಟದ ಅಸಹಕಾರ

ನಾರ್ವೆಯ ಭಾಷೆಯಲ್ಲಿ ‘ಇಡ್ರೆಟ್’ ಅಂದರೆ ಕ್ರೀಡೆ. ಹಳೆಯ ನಾರ್ಸ್‌ನಲ್ಲಿ ಇದರ ಮೂಲಪದಕ್ಕೆ ಸಾಹಸ, ಪಳಗಿದ ವಿದ್ಯೆ ಎಂಬ ಅರ್ಥವಿತ್ತು. ‘ಸ್ಟ್ರೈಕ್’ ನಮಗೂ ಗೊತ್ತಿರುವ ಸ್ಟ್ರೈಕೇ. ಎರಡೂ ಕೂಡಿದ ಈ ಸಮಾಸಪದವು ಜರ್ಮನರ ವಶದಲ್ಲಿದ್ದ ನಾರ್ವೆಯಲ್ಲಿ 1940ರಿಂದ 1945ರವರೆಗೆ ಆಟಗಾರರು ಸರ್ಕಾರಿ ಕ್ರೀಡೆಗೆ ಬೆನ್ನು ತಿರುಗಿಸಿದ್ದನ್ನು ಹೇಳುತ್ತದೆ. ‘ಕ್ರೀಡಾ ಮುಷ್ಕರ’ ಎಂದು ಪದಕ್ಕೆ ಪದ ಇಟ್ಟರೆ ಅರ್ಥ ಸ್ವಲ್ಪ ಜಾರುತ್ತದೆ. ಮುಷ್ಕರದಲ್ಲಿ ಬೇಡಿಕೆ ಪಟ್ಟಿ ಇರುತ್ತದೆ, ಸಂಧಾನ ಇರುತ್ತದೆ, ಕೊನೆಗೆ ಕೆಲಸಕ್ಕೆ ಹಾಜರಾಗುವ ದಿನ ಇರುತ್ತದೆ. ಇಲ್ಲಿ ಇದಾವುದೂ ಇರಲಿಲ್ಲ. ಕನ್ನಡದಲ್ಲಿ ‘ಅಸಹಕಾರ’ ಹೆಚ್ಚು ಒಪ್ಪುವ ಮಾತು.

ನಾರ್ವೆಯ ಜನಸಂಖ್ಯೆ ಆಗ ಸುಮಾರು 30 ಲಕ್ಷ. 1940ರ ಏಪ್ರಿಲ್ 9ರಂದು ಜರ್ಮನ್ ಸೇನೆ ನುಗ್ಗಿತು. ಜೂನ್ 7ರಂದು ದೊರೆ ಏಳನೇ ಹೋಕನ್ ದೇಶ ಬಿಟ್ಟು ಬ್ರಿಟನ್ನಿಗೆ ಹೊರಟರು. ಸೆಪ್ಟೆಂಬರ್ 25ರಂದು ಹಿಟ್ಲರನ ಪ್ರತಿನಿಧಿ ಯೋಸೆಫ್ ಟೆರ್ಬೊವೆನ್, ಜರ್ಮನರ ಜೊತೆ ಕೈಜೋಡಿಸಿದ್ದ ನಾರ್ವೆಯವನೇ ಆದ ಕ್ವಿಸ್ಲಿಂಗ್‌ನ ನಾಜಿ ಪಕ್ಷವೊಂದನ್ನುಳಿದು ಮಿಕ್ಕ ಪಕ್ಷಗಳನ್ನೆಲ್ಲ ನಿಷೇಧಿಸಿದ. ಹೀಗಿದ್ದೂ ಆಟ ಅಷ್ಟರಲ್ಲೇ ನಿಲ್ಲಲಿಲ್ಲ. ಆ ವರ್ಷದ ಫುಟ್‌ಬಾಲ್ ಕಪ್ ಫೈನಲ್ ಅಕ್ಟೋಬರ್‌ನಲ್ಲಿ ಸಾಂಗವಾಗಿಯೇ ನಡೆಯಿತು. ‘ಯುದ್ಧ ಬಂತು, ಆಟ ನಿಂತಿತು’ ಎಂದು ಬರೆಯುವವರು ಎಡವುವುದು ಇಲ್ಲೇ.

ಆಟ ನಿಂತದ್ದು ನವೆಂಬರ್‌ನ ಒಂದು ಆದೇಶದಿಂದ. ದೇಶದಲ್ಲಿ ಎರಡು ಕ್ರೀಡಾ ಒಕ್ಕೂಟಗಳಿದ್ದವು: ಒಂದು ಸಾಮಾನ್ಯ ಒಕ್ಕೂಟ, ಇನ್ನೊಂದು 1924ರಲ್ಲಿ ಹುಟ್ಟಿದ ಕಾರ್ಮಿಕರ ಒಕ್ಕೂಟ. ಎರಡೂ ತಾವಾಗಿಯೇ ಒಂದಾಗುವ ಮಾತುಕತೆಯಲ್ಲಿದ್ದಾಗ, ಕ್ರೀಡಾ ಖಾತೆ ಹೊತ್ತಿದ್ದ ಕ್ವಿಸ್ಲಿಂಗ್ ಪಕ್ಷದ ಆಕ್ಸೆಲ್ ಸ್ಟಾಂಗ್ ಅವುಗಳನ್ನು ಬಲವಂತವಾಗಿ ಬೆಸೆದ. ಪದಾಧಿಕಾರಿಗಳ ಚುನಾವಣೆ ರದ್ದಾಯಿತು. ಮೇಲಿನವರು ನೇಮಿಸಿದವನೇ ‘ನಾಯಕ’. ಸದಸ್ಯರೇ ಆರಿಸಿದ ಕಾರ್ಯದರ್ಶಿ, ಖಜಾಂಚಿಗಳಿಂದ ನಡೆಯುತ್ತಿದ್ದ ಊರೂರಿನ ಕ್ಲಬ್ಬುಗಳಿಗೆ ತಗುಲಿದ ಪೆಟ್ಟು ಇದು. ಪದಾಧಿಕಾರಿಗಳು ರಾಜೀನಾಮೆ ಕೊಟ್ಟರು, ಆಟಗಾರರು ಅವರ ಹಿಂದೆಯೇ ಮೈದಾನದಿಂದ ಹೊರನಡೆದರು.

ಇದು ಯಾಕೆ ಫಲಿಸಿತು ಎಂಬುದಕ್ಕೆ ಲೆಕ್ಕ ಸರಳ. ಒಂದು ಫುಟ್‌ಬಾಲ್ ಪಂದ್ಯಕ್ಕೆ 22 ಆಟಗಾರರು, ಒಬ್ಬ ರೆಫರಿ, ಇಬ್ಬರು ಲೈನ್ಸ್‌ಮನ್‌ಗಳು, ಗೇಟಿನಲ್ಲಿ ಟಿಕೆಟ್ ಹರಿಯುವವರು, ಕೊನೆಗೆ ನೋಡುವವರು ಬೇಕು. ಇವರಲ್ಲಿ ಬಹುತೇಕರು ಸಂಬಳವಿಲ್ಲದೆ ಬರುವವರು. ಬರದವನನ್ನು ಕೆಲಸದಿಂದ ತೆಗೆಯುವುದು ಹೇಗೆ? ಕೆಲಸವೇ ಅಲ್ಲವಲ್ಲ! ಕೆಲವು ಆಟಗಾರರು ಸಿಕ್ಕರೂ ಪ್ರೇಕ್ಷಕರು ಬರಲಿಲ್ಲ. ಖಾಲಿ ಗ್ಯಾಲರಿಯ ಮುಂದೆ ಆಡುವ ಪಂದ್ಯ ಆಳುವವರಿಗೆ ಪ್ರಚಾರವಾಗುವ ಬದಲು ಮುಜುಗರವಾಯಿತು. ರಾಜಧಾನಿ ಓಸ್ಲೋದ ಹೋಲ್ಮೆನ್‌ಕೋಲೆನ್‌ನ ಹೆಸರಾಂತ ಸ್ಕೀ ಸ್ಪರ್ಧೆ 1941ರಿಂದ 1945ರವರೆಗೆ ನಡೆಯಲೇ ಇಲ್ಲ.

ಹಾಗೆಂದು ಜನ ಕೈಕಟ್ಟಿ ಕೂರಲಿಲ್ಲ. ‘ಅಕ್ರಮ ಕ್ರೀಡೆ’ ಎಂಬ ಜೋಡಿ ಪದ ಹುಟ್ಟಿದ್ದು ಆಗಲೇ. ಕಾಡಿನ ಬಯಲಲ್ಲಿ ಓಟ, ಹಳ್ಳಿಯಾಚೆ ಸ್ಕೀ ಜಿಗಿತ, ಪೋಸ್ಟರ್ ಇಲ್ಲದೆ ಬಾಯಿಂದ ಬಾಯಿಗೆ ಹರಡುವ ಪಂದ್ಯದ ಸುದ್ದಿ. ಸ್ಕೀಯಿಂಗ್‌ಗೆ ಹಿಮ ಇದ್ದರೆ ಸಾಕಿತ್ತು. ಈಜುಕೊಳ, ಒಳಾಂಗಣ ಬೇಡುವ ಆಟಗಳಿಗೆ ಆ ಅನುಕೂಲವಿಲ್ಲ; ಬೀಗದ ಕೈ ಆಡಳಿತದ ಬಳಿ ಇತ್ತು.

ಬೆಲೆ ತೆತ್ತವರೂ ಇದ್ದಾರೆ. 1932 ಮತ್ತು 1936ರ ಒಲಿಂಪಿಕ್ ಸ್ಕೀ ಜಿಗಿತದ ಚಿನ್ನ ಗೆದ್ದ ಬಿರ್ಗರ್ ರೂಡ್ ಓಸ್ಲೋ ಬಳಿಯ ಗ್ರಿನಿ ಬಂದಿಖಾನೆ ಸೇರಿದರು. ಬದುಕಿ ಬಂದು, 1948ರಲ್ಲಿ 36ನೇ ವಯಸ್ಸಿಗೆ ಬೆಳ್ಳಿ ಗೆದ್ದರು. ಆಸ್ಬ್ಯೋರ್ನ್ ಹಾಲ್ವರ್ಸೆನ್ ಕತೆ ಇನ್ನೂ ಕಹಿ. ಜರ್ಮನಿಯ ಹ್ಯಾಂಬರ್ಗ್ ಫುಟ್‌ಬಾಲ್ ತಂಡದಲ್ಲಿ ವರ್ಷಗಟ್ಟಲೆ ಆಡಿದ್ದ ಇವರೇ, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಹಿಟ್ಲರನ ಕಣ್ಣೆದುರೇ ಜರ್ಮನಿಯನ್ನು 2-0 ಅಂತರದಿಂದ ಮಣಿಸಿ ಕಂಚು ತಂದ ನಾರ್ವೆ ತಂಡವನ್ನು ಪಳಗಿಸಿದವರು. 1942ರಲ್ಲಿ ಬಂಧನ, ಗ್ರಿನಿ, ನಾಟ್ಸ್‌ವೈಲರ್, ನೊಯೆನ್‌ಗಾಮೆ ಎಂಬ ನಾಜಿ ಬಂದಿ ಶಿಬಿರಗಳು. ಮರಳಿ ಬಂದರೂ ಆರೋಗ್ಯ ಮರಳಲಿಲ್ಲ, 1955ರಲ್ಲಿ ತೀರಿಕೊಂಡರು. ಎದುರು ಪಕ್ಷದಲ್ಲೂ ದೊಡ್ಡ ಹೆಸರುಂಟು: ಪೋಲ್‌ವಾಲ್ಟ್‌ನ ಒಂದು ಕಾಲದ ವಿಶ್ವದಾಖಲೆ ವೀರ ಚಾರ್ಲ್ಸ್ ಹೋಫ್ ನಾಜಿ ಕ್ರೀಡಾಡಳಿತದ ಜೊತೆಗೆ ನಿಂತ.

ಈ ಪದವನ್ನು ಪಕ್ಕದ ಡೆನ್ಮಾರ್ಕಿಗೆ ಅಂಟಿಸಬಾರದು. ನಾರ್ವೆಗೆ ಸೇನೆ ನುಗ್ಗಿದ ಅದೇ ಏಪ್ರಿಲ್ 9ರಂದು ವಶವಾದರೂ ಅಲ್ಲಿ ಸ್ವಂತ ಸರ್ಕಾರ ಉಳಿದಿತ್ತು, ಕ್ರೀಡಾಸಂಸ್ಥೆಗಳಿಗೂ ಯಾರೂ ‘ನಾಯಕ’ನನ್ನು ಹೇರಲಿಲ್ಲ. ಹಾಗಾಗಿ ಆಟ ಸಾಗಿತು. 1940 ಮತ್ತು 1941ರಲ್ಲಿ ಡೆನ್ಮಾರ್ಕ್ ಜರ್ಮನಿಯ ವಿರುದ್ಧ ಫುಟ್‌ಬಾಲ್ ಕೂಡ ಆಡಿತು. ಅಲ್ಲಿ ಸಿಟ್ಟು ಸಿಡಿದದ್ದು ಮೈದಾನದೊಳಗೇ: 1941ರ ಜೂನ್‌ನಲ್ಲಿ ವಿಯೆನ್ನಾದ ಅಡ್ಮಿರಾ ತಂಡ ಕೋಪನ್‌ಹೇಗನ್‌ನಲ್ಲಿ ಆಡಿದಾಗ ದೊಂಬಿಯಾಯಿತು.

ನಾರ್ವೆಯಲ್ಲಿ ಇದೇ ಜಾಡಿನಲ್ಲಿ ಮುಂದೆ 1942ರಲ್ಲಿ ಶಿಕ್ಷಕರೂ ನಡೆದರು. ಹೇರಿದ ಸಂಘಕ್ಕೆ ಸೇರಲೊಲ್ಲದ ಸುಮಾರು 1,100 ಶಿಕ್ಷಕರ ಬಂಧನವಾಗಿ, ನೂರಾರು ಮಂದಿಯನ್ನು ದೇಶದ ಈಶಾನ್ಯ ತುದಿಯ ಕಿರ್ಕನೆಸ್‌ಗೆ ದುಡಿಯಲು ಕಳಿಸಲಾಯಿತು. ಕ್ರೀಡಾ ಒಕ್ಕೂಟಗಳ ವಿಲೀನ 1946ರಲ್ಲಿ, ಈ ಬಾರಿ ಅವುಗಳ ಇಚ್ಛೆಯಿಂದಲೇ, ಮುಗಿಯಿತು. ನಾರ್ವೆಯ ಫುಟ್‌ಬಾಲ್ ಕಪ್ ವಿಜೇತರ ಪಟ್ಟಿಯಲ್ಲಿ 1941ರಿಂದ 1944ರವರೆಗೆ ಯಾವ ತಂಡದ ಹೆಸರೂ ಇಲ್ಲ.