ಪಟ್ಟಿ ಗೆದ್ದಿತು, ಆದರೆ ಹೇಗೆ?

ಐಸಿಯುನಲ್ಲಿರುವ ರೋಗಿಯ ಕುತ್ತಿಗೆಯಲ್ಲೋ ತೊಡೆಸಂದಿಯಲ್ಲೋ ಇರುವ ದೊಡ್ಡ ರಕ್ತನಾಳಕ್ಕೆ ಒಂದು ತೆಳು ನಳಿಗೆ ಹಾಕುತ್ತಾರೆ. ಸೆಂಟ್ರಲ್ ಲೈನ್ ಅಂತಾರೆ. ಔಷಧಿ ಹೋಗುವ ಆ ದಾರಿಯಲ್ಲೇ ರೋಗಾಣುವೂ ನುಗ್ಗಿದರೆ ರಕ್ತಕ್ಕೇ ಸೋಂಕು. ಜೀವಕ್ಕೇ ಕುತ್ತು.

ಇದನ್ನು ತಡೆಯಲು ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳು ಐದು ಕೆಲಸ ಹಿಡಿದವು. ಕೈ ತೊಳೆಯುವುದು, ಲೈನ್ ಹಾಕುವಾಗ ಗೌನು, ಮಾಸ್ಕು, ಹೊದಿಕೆ ಎಲ್ಲ ಬಳಸುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ಹಚ್ಚುವುದು, ಆದಷ್ಟೂ ತೊಡೆಸಂದಿ ಬಿಟ್ಟು ಬೇರೆ ಕಡೆ ಹಾಕುವುದು, ಬೇಡವಾದ ಕೂಡಲೇ ತೆಗೆಯುವುದು. 2006ರಲ್ಲಿ ಡಾಕ್ಟರ್ ಪೀಟರ್ ಪ್ರೊನೊವೋಸ್ಟ್ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಲೆಕ್ಕ ಕೊಟ್ಟರು. ಲೈನ್ ಇದ್ದ ಪ್ರತಿ ಸಾವಿರ ದಿನಕ್ಕೆ ಸರಾಸರಿ 7.7 ಇದ್ದ ಸೋಂಕು 18 ತಿಂಗಳ ಹೊತ್ತಿಗೆ 1.4ಕ್ಕೆ ಇಳಿದಿತ್ತು.

ಈ ಐದು ಕೆಲಸಗಳ ಪಟ್ಟಿ ಮಾತ್ರ ಜಗತ್ತಿಗೆಲ್ಲ ಹಬ್ಬಿತು. ಆದರೆ ಆ ಐದೂ ಸಂಗತಿ ಡಾಕ್ಟರುಗಳಿಗೆ ಮೊದಲೇ ಗೊತ್ತಿತ್ತು ಅಲ್ವಾ? ಬದಲಾಗಿದ್ದು ಬೇರೆಯೇ. ಬೇಕಾದ ಸಾಮಾನೆಲ್ಲ ಒಂದೇ ಗಾಡಿಯಲ್ಲಿ ಕೈಗೆ ಸಿಗುವಂತಾಯಿತು. ಡಾಕ್ಟರು ಒಂದು ಹೆಜ್ಜೆ ತಪ್ಪಿಸಿದರೆ, ತುರ್ತಿಲ್ಲದ ಹೊತ್ತಿನಲ್ಲಿ, ಪಕ್ಕದಲ್ಲಿ ನಿಂತ ನರ್ಸ್ 'ನಿಲ್ಲಿಸಿ' ಅನ್ನಬಹುದಿತ್ತು. ಆ ಒಂದು ಮಾತಿಗೆ ಎಷ್ಟು ಧೈರ್ಯ ಬೇಕು, ಹಿಂದೆ ಎಷ್ಟು ಜನರ ಬೆಂಬಲ ಬೇಕು! ಸಂಶೋಧಕಿ ಮೇರಿ ಡಿಕ್ಸನ್-ವುಡ್ಸ್ ಮತ್ತು ಸಂಗಡಿಗರು 2011ರಲ್ಲಿ ಈ 'ಯಾಕೆ ಗೆದ್ದಿತು' ಎಂಬುದರ ಮೇಲೆಯೇ ಒಂದು ಲೇಖನ ಬರೆದರು. ಇನ್ನೊಂದು ಆಸ್ಪತ್ರೆಗೆ ಇದೇ ಜಾಸ್ತಿ ಉಪಯೋಗ ಅಂತ ನನಗನ್ನಿಸುತ್ತದೆ.

ಔಷಧಿಯ ಪ್ರಯೋಗವಾದರೆ ಗುಳಿಗೆ ಎಲ್ಲ ಕಡೆಯೂ ಅದೇ ಗುಳಿಗೆ. ಆಸ್ಪತ್ರೆಯ ನಡೆ ಹಾಗಲ್ಲ, ಒಂದೊಂದು ಕಡೆ ಒಂದೊಂದು ಥರ. ಅದಕ್ಕೇ 2008ರಲ್ಲಿ ಸ್ಕ್ವೈರ್ ಎಂಬ ಬರವಣಿಗೆಯ ಮಾರ್ಗಸೂಚಿ ಬಂತು, 2015ರಲ್ಲಿ ಪರಿಷ್ಕಾರವಾಯಿತು. ಆಸ್ಪತ್ರೆಯ ಕೆಲಸ ಸುಧಾರಿಸಿದ್ದರ ಬಗ್ಗೆ ಲೇಖನ ಬರೆಯುವವರು ಸುಮ್ನೆ ಅಂಕಿ ಕೊಟ್ಟರೆ ಸಾಲದು. ಅಲ್ಲಿನ ಪರಿಸ್ಥಿತಿ ಏನಿತ್ತು, ಯಾಕೆ ಫಲ ಕೊಡುತ್ತದೆ ಅಂದುಕೊಂಡಿರಿ, ನಡುವೆ ಏನು ಬದಲಾಯಿಸಿದಿರಿ ಎಂದೆಲ್ಲ ಅದು ಕೇಳುತ್ತದೆ.

ಸೋತ ಕಥೆಯೂ ಅಚ್ಚಾಗಬೇಕು. 2009ರಲ್ಲಿ ಎಂಟು ಆಸ್ಪತ್ರೆಗಳ ಅಧ್ಯಯನವೊಂದು, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಒಂದೊಂದಾಗಿ ನೋಡಿಕೊಳ್ಳುವ ಪಟ್ಟಿ, ಅಂದರೆ ಚೆಕ್‌ಲಿಸ್ಟ್ ಬಂದ ಮೇಲೆ ಸಾವು ಶೇ 1.5ರಿಂದ 0.8ಕ್ಕೆ ಇಳಿಯಿತು ಎಂದಿತು. ಕೆನಡಾದ ಆಂಟಾರಿಯೊದ 101 ಆಸ್ಪತ್ರೆಗಳೂ ಅದನ್ನು ಬಳಸಿದವು. ಅಲ್ಲಿ ಶೇ 0.71 ಇದ್ದ ಸಾವು 0.65 ಆಯಿತು, ಆಕಸ್ಮಿಕವೂ ಇರಬಹುದಾದಷ್ಟು ಸಣ್ಣ ಇಳಿಕೆ. 2014ರಲ್ಲಿ ಅದನ್ನೂ ಪ್ರಕಟಿಸಿದ್ದು ಮೊದಲಿನ ಗೆಲುವನ್ನು ಅಚ್ಚು ಹಾಕಿದ್ದ ಅದೇ ನ್ಯೂ ಇಂಗ್ಲೆಂಡ್ ಜರ್ನಲ್.