ಕ್ಷಮೆ ಸಿಕ್ಕ ಮೇಲೂ ಕೊರಗು ಉಳಿಯುವುದೇಕೆ?

ಪ್ರಶ್ನೆ: ಬಹಳ ವರ್ಷ ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಈಗ ಊರಿಗೆ ಮರಳಿದ್ದೇನೆ. ಆಸ್ತಿ ಪಾಲಿನ ವಿಷಯದಲ್ಲಿ ಅಮ್ಮ ತಂಗಿಯ ಪರ ನಿಂತರೆಂದು ಸಿಟ್ಟಾಗಿ, ಅವರ ಕೊನೆಗಾಲದಲ್ಲಿ ಫೋನ್ ಮಾಡುವುದನ್ನೇ ಬಿಟ್ಟಿದ್ದೆ. ಹಾಸಿಗೆ ಹಿಡಿದಾಗಲೂ ಬರಲಿಲ್ಲ, ಬಂದದ್ದು ಮಣ್ಣಿಗೆ. ಇದನ್ನು ಪಾಪನಿವೇದನೆಯಲ್ಲಿ ಒಂದಲ್ಲ, ಹಲವು ಸಲ ಹೇಳಿಕೊಂಡಿದ್ದೇನೆ. ಆದರೂ ರಾತ್ರಿ ದೀಪ ಆರಿಸಿದರೆ ಅದೇ ನೆನಪು. ದೇವರು ನನ್ನನ್ನು ಕ್ಷಮಿಸಿಲ್ಲವೇ? ನನ್ನ ವಿಶ್ವಾಸ ಸಾಲದೇ? ಕ್ಷಮೆ ಕೇಳಬೇಕಾದವರೇ ಇಲ್ಲದ ಮೇಲೆ ಏನು ಮಾಡುವುದು?

ಉತ್ತರ: ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಕುಟುಂಬಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಕೇಳಿಬರುತ್ತದೆ. ಒಬ್ಬರಿಗೆ ಅಪ್ಪ, ಇನ್ನೊಬ್ಬರಿಗೆ ಬಿಟ್ಟುಹೋದ ಹೆಂಡತಿ, ಮತ್ತೊಬ್ಬರಿಗೆ ಹೊಡೆದು ಬೆಳೆಸಿದ ಮಗ. ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ. ಮನಸಾರೆ ಪಶ್ಚಾತ್ತಾಪಪಟ್ಟು ನಿವೇದಿಸಿದ ಪಾಪವನ್ನು ದೇವರು ಕ್ಷಮಿಸಿದ್ದಾರೆ. ಮೊದಲ ಸಲವೇ ಕ್ಷಮಿಸಿದ್ದಾರೆ. ನೋವು ಇನ್ನೂ ಇದೆ ಎಂಬ ಕಾರಣಕ್ಕೆ ಕ್ಷಮೆ ಸಿಕ್ಕಿಲ್ಲ ಎಂದು ಲೆಕ್ಕ ಹಾಕಬೇಡಿ. ಮುರಿದ ಕೈ ಕೂಡಿದ ಮೇಲೂ ಮಳೆಗಾಲದಲ್ಲಿ ನೋಯುತ್ತದೆ. ಹಾಗೆಂದು ಮೂಳೆ ಕೂಡಿಲ್ಲ ಎಂದು ಯಾವ ವೈದ್ಯರೂ ಹೇಳುವುದಿಲ್ಲ.

ನಾವು ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಪಾಪನಿವೇದನೆ ಎಂದರೆ ಧರ್ಮಗುರುಗಳ ಕಿವಿಯಲ್ಲಿ ಹೇಳಿ ಎದ್ದು ಬರುವುದಷ್ಟೇ ಅಲ್ಲ. ಪಶ್ಚಾತ್ತಾಪ, ನಿವೇದನೆ, ಗುರುಗಳು ನೀಡುವ ಪಾಪವಿಮೋಚನೆ, ಆಮೇಲೆ ಪ್ರಾಯಶ್ಚಿತ್ತ, ಇಷ್ಟೂ ಸೇರಿ ಒಂದು ಸಂಸ್ಕಾರ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇದನ್ನು ಬಿಚ್ಚಿ ಹೇಳುತ್ತದೆ: ಪಾಪವಿಮೋಚನೆ ಪಾಪವನ್ನು ತೆಗೆಯುತ್ತದೆ, ಆದರೆ ಆ ಪಾಪದಿಂದ ಆದ ಹಾನಿಯನ್ನೆಲ್ಲ ಸರಿಪಡಿಸುವುದಿಲ್ಲ. ಕದ್ದದ್ದನ್ನು ಹಿಂತಿರುಗಿಸಬೇಕು, ಕೆಡಿಸಿದ ಹೆಸರನ್ನು ಮತ್ತೆ ಕಟ್ಟಿಕೊಡಬೇಕು, ಪೆಟ್ಟು ಬಿದ್ದಲ್ಲಿ ಮುಲಾಮು ಹಚ್ಚಬೇಕು. ನಿಮ್ಮ ಕೊರಗಿನ ಒಂದು ಪಾಲು ಇಲ್ಲಿಂದ ಬರುತ್ತಿದೆ ಎಂದು ನನಗೆ ಅನಿಸುತ್ತದೆ. ದೇವರ ಕಡೆಯ ಕೆಲಸ ಮುಗಿದಿದೆ, ನಿಮ್ಮ ಕಡೆಯದು ಬಾಕಿ ಇದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಪರಂಪರೆಯ ಸಭೆಗಳಲ್ಲಿ ಕ್ರಮ ಬೇರೆ. ಅಲ್ಲಿ ಆರಾಧನೆಯ ಹೊತ್ತಿಗೆ ಎಲ್ಲರೂ ಒಟ್ಟಾಗಿ ಪಾಪ ಒಪ್ಪಿಕೊಳ್ಳುತ್ತಾರೆ. ನಮ್ಮ ಪಾಪಗಳನ್ನು ಒಪ್ಪಿಕೊಂಡರೆ ದೇವರು ನಂಬಿಗಸ್ತರಾಗಿ ಕ್ಷಮಿಸುತ್ತಾರೆ ಎಂಬ ಯೋಹಾನನ ಮೊದಲ ಪತ್ರದ ಮಾತೇ ಅವರಿಗೂ ಆಧಾರ. ದಾರಿ ಯಾವುದಾದರೂ ಆಗಲಿ, ನಿಮ್ಮ ಪ್ರಶ್ನೆ ಕಥೋಲಿಕರದ್ದೂ ಹೌದು, ಪ್ರೊಟೆಸ್ಟಂಟರದ್ದೂ ಹೌದು.

ಒಂದೇ ಪಾಪವನ್ನು ಹಲವು ಸಲ ನಿವೇದಿಸಿದೆ ಎಂದು ಬರೆದಿದ್ದೀರಿ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ ಜೆಸ್ಯೂಟ್ ಧರ್ಮಗುರುಗಳ ಸಭೆಯನ್ನು ಸ್ಥಾಪಿಸಿದವರು ಸಂತ ಇಗ್ನೇಷಿಯಸ್ ಲೊಯೊಲಾ. ಸೈನಿಕ ಜೀವನ ಬಿಟ್ಟು ದೇವರ ಕಡೆಗೆ ತಿರುಗಿದ ಅವರು 1522ರಲ್ಲಿ ಸ್ಪೇನಿನ ಮೊನ್ಸೆರಾತ್ ಎಂಬ ಕ್ಷೇತ್ರದಲ್ಲಿ ತಮ್ಮ ಇಡೀ ಬದುಕಿನ ಪಾಪಗಳನ್ನು ಬರೆದಿಟ್ಟುಕೊಂಡು ನಿವೇದಿಸಿದರು. ಅದಕ್ಕೆ ಮೂರು ದಿನ ಹಿಡಿಯಿತು. ಅಷ್ಟಾದರೂ ನೆಮ್ಮದಿ ಸಿಗಲಿಲ್ಲ. ಮನ್ರೇಸಾ ಪಟ್ಟಣದಲ್ಲಿದ್ದಾಗ ಏನೋ ಬಿಟ್ಟುಹೋಯಿತು, ಸರಿಯಾಗಿ ಹೇಳಲಿಲ್ಲ ಎಂಬ ಸಂಶಯ ಅವರನ್ನು ಹಿಂಡಿತು. ಮತ್ತೆ ಮತ್ತೆ ನಿವೇದಿಸಿದರು. ತೀರಾ ಸ್ಪಷ್ಟವಾದದ್ದಿದ್ದರೆ ಮಾತ್ರ ಹಳೆಯದನ್ನು ಹೇಳಿ ಎಂದು ಗುರುಗಳು ಹೇಳಿದರೆ, ಅವರಿಗೆ ಎಲ್ಲವೂ ಸ್ಪಷ್ಟವೆಂದೇ ಕಾಣುತ್ತಿತ್ತು. ತಾವಿದ್ದ ಕೋಣೆಯ ದೊಡ್ಡ ಕಂಡಿಯಿಂದ ಹಾರಿ ಪ್ರಾಣ ಬಿಡಬೇಕು ಎಂಬ ಯೋಚನೆಯೂ ಬಂದಿತ್ತು. ದೇವರಿಂದ ಉತ್ತರ ಪಡೆಯಲೇಬೇಕೆಂದು ಒಂದು ವಾರ ಅನ್ನ ನೀರು ಬಿಟ್ಟರು. ಗುರುಗಳು ಗದರಿಸಿ ಉಪವಾಸ ಬಿಡಿಸಿದರು. ಕೊನೆಗೆ ಅವರಿಗೆ ಒಂದು ಸಂಗತಿ ಹೊಳೆಯಿತು: ಈ ಕಾಟ ದೇವರ ಕಡೆಯಿಂದ ಬರುತ್ತಿರುವುದಲ್ಲ. ಅಂದಿನಿಂದ ಹಳೆಯ ಪಾಪಗಳನ್ನು ಮತ್ತೆ ನಿವೇದಿಸುವುದಿಲ್ಲ ಎಂದು ನಿಶ್ಚಯಿಸಿದರು, ಆಮೇಲೆಯೇ ಬಿಡುಗಡೆ ಸಿಕ್ಕಿತು. ಮುಂದೆ ಇಂಥ ಸಂಶಯಗಳನ್ನು ಹೇಗೆ ಗುರುತಿಸಬೇಕೆಂದು ತಮ್ಮ ಧ್ಯಾನಾಭ್ಯಾಸದ ಪುಸ್ತಕದಲ್ಲಿ ಸೂಚನೆಗಳನ್ನೇ ಬರೆದರು.

ಆದ್ದರಿಂದ ಅಮ್ಮನ ವಿಷಯವನ್ನು ಇನ್ನು ನಿವೇದನೆಗೆ ಒಯ್ಯಬೇಡಿ. ಕ್ರಿಸ್ಮಸ್, ಪಾಸ್ಕದ ಮುಂಚಿನ ಉದ್ದ ಸಾಲಿನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಬದಲು, ಬೇರೊಂದು ದಿನ ಬಿಡುವು ಕೇಳಿ ಒಬ್ಬರೇ ಗುರುಗಳೊಡನೆ ಕುಳಿತು ಮಾತನಾಡಿ. ಪ್ರತಿ ಸಲ ಹೊಸ ಇಗರ್ಜಿ, ಹೊಸ ಗುರುಗಳು ಎಂದು ಹುಡುಕಿಕೊಂಡು ಹೋದರೆ ಸಂಶಯ ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ. ಕ್ಷಮೆ ಕೇಳಬೇಕಾದವರು ಇಲ್ಲದ ಮೇಲೆ ಏನು ಮಾಡುವುದು? ಬೈಬಲಿನಲ್ಲಿ ಇದೇ ಸ್ಥಿತಿಯಲ್ಲಿ ನಿಂತ ಒಬ್ಬ ಮನುಷ್ಯನಿದ್ದಾನೆ, ಅವನು ಸಂತ ಪೌಲ. ಪ್ರವಚನಗಳಲ್ಲಿ ಇಂಥ ಸಂದರ್ಭಕ್ಕೆ ಹೆಚ್ಚಾಗಿ, ಆಸ್ತಿಯ ಪಾಲನ್ನು ಹಾಳುಮಾಡಿ ಮನೆಗೆ ಮರಳಿದ ದುಂದುಗಾರ ಮಗನ ಕಥೆ ಹೇಳುತ್ತಾರೆ. ಆದರೆ ಆ ಮಗ ಪುಣ್ಯವಂತ. ಅವನು ಮರಳುವಾಗ ತಂದೆ ಬದುಕಿದ್ದ, ಓಡಿ ಬಂದು ಅಪ್ಪಿಕೊಂಡ. ಪೌಲನಿಗೆ ಆ ಭಾಗ್ಯವಿರಲಿಲ್ಲ.

ಬೈಬಲಿನ ‘ಪ್ರೇಷಿತರ ಕಾರ್ಯಕಲಾಪಗಳು’ ಎಂಬ ಪುಸ್ತಕವನ್ನು ಆರನೆಯ ಅಧ್ಯಾಯದಿಂದ ಓದಿ ನೋಡಿ. ಜೆರುಸಲೇಮಿನ ಸಭೆಯಲ್ಲಿ ಕೆಲವು ವಿಧವೆಯರಿಗೆ ದಿನನಿತ್ಯದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ಗೊಣಗಾಟ ಎದ್ದಿತು. ಅದನ್ನು ನೋಡಿಕೊಳ್ಳಲು ಏಳು ಮಂದಿಯನ್ನು ಆರಿಸಿದರು. ಅವರಲ್ಲಿ ಮೊದಲ ಹೆಸರು ಸ್ತೆಫನನದು. ಮುಂದೆ ಅದೇ ಸ್ತೆಫನನನ್ನು ಊರ ಹೊರಗೆ ಎಳೆದೊಯ್ದು ಕಲ್ಲೆಸೆದು ಕೊಂದರು. ಕಲ್ಲೆಸೆಯುವವರು ತಮ್ಮ ಮೇಲಂಗಿಗಳನ್ನು ಕಳಚಿ ಸೌಲನೆಂಬ ಯುವಕನ ಕಾಲ ಬಳಿ ಇಟ್ಟರು. ಆ ಸೌಲನೇ ಮುಂದೆ ಪೌಲನೆನಿಸಿಕೊಂಡವನು. ಅವನು ಕಲ್ಲೆಸೆದ ಎಂದು ಬರೆದಿಲ್ಲ. ಬಟ್ಟೆ ಕಾದ, ಆ ಕೊಲೆಗೆ ಅವನ ಸಮ್ಮತಿ ಇತ್ತು ಎಂದಿದೆ. ಸಾಯುವ ಮುನ್ನ ಸ್ತೆಫನ ಮೊಣಕಾಲೂರಿ, ಈ ಪಾಪವನ್ನು ಇವರ ಮೇಲೆ ಹೊರಿಸಬೇಡ ಎಂದು ಪ್ರಾರ್ಥಿಸಿದ.

ಡಮಾಸ್ಕಸ್ಸಿನ ದಾರಿಯಲ್ಲಿ ಕ್ರಿಸ್ತನನ್ನು ಕಂಡ ಮೇಲೆ ಪೌಲನ ಬದುಕು ಬದಲಾಯಿತು, ಪಾಪ ತೊಳೆದುಹೋಯಿತು. ಆದರೆ ನೆನಪು? ವರ್ಷಗಳ ನಂತರ ಜೆರುಸಲೇಮಿನಲ್ಲಿ ಜನಜಂಗುಳಿಯ ಮುಂದೆ ನಿಂತು ಮಾತನಾಡುವಾಗ, ಸ್ತೆಫನನ ರಕ್ತ ಹರಿದಾಗ ನಾನು ಹತ್ತಿರವೇ ನಿಂತು ಕೊಂದವರ ಬಟ್ಟೆ ಕಾಯುತ್ತಿದ್ದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಆ ಬಟ್ಟೆಗಳನ್ನು ಅವನು ಮರೆತಿರಲಿಲ್ಲ. ಕೊರಿಂಥಿಯರಿಗೆ ಬರೆದ ಮೊದಲ ಪತ್ರದಲ್ಲಿ, ದೇವರ ಸಭೆಯನ್ನು ಹಿಂಸಿಸಿದ್ದರಿಂದ ನಾನು ಪ್ರೇಷಿತನೆನಿಸಿಕೊಳ್ಳಲು ಯೋಗ್ಯನಲ್ಲ ಎನ್ನುತ್ತಾನೆ. ಅದರ ಬೆನ್ನಿಗೇ, ದೇವರ ಕೃಪೆಯಿಂದ ನಾನು ಏನಾಗಿದ್ದೇನೋ ಅದಾಗಿದ್ದೇನೆ ಎನ್ನುತ್ತಾನೆ. ಎರಡೂ ಮಾತು ಒಂದೇ ಉಸಿರಿನಲ್ಲಿ ಬರುತ್ತವೆ. ಕೃಪೆ ಸಿಕ್ಕಿತೆಂದು ಅವನು ತಪ್ಪನ್ನು ಮುಚ್ಚಿಡಲಿಲ್ಲ, ತಪ್ಪು ನೆನಪಿದೆಯೆಂದು ಕೃಪೆಯನ್ನು ಸಂಶಯಿಸಲೂ ಇಲ್ಲ.

ಇನ್ನೊಂದು ಸಂಗತಿ ಇದೆ. ಪೌಲ ತಾನು ಕಟ್ಟಿದ ಸಭೆಗಳಲ್ಲೆಲ್ಲ ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸಿದ. ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದಲ್ಲಿ ಎರಡು ಅಧ್ಯಾಯ ಪೂರ್ತಿ ಅದರದ್ದೇ ಮಾತು. ಅಪಾಯ ಗೊತ್ತಿದ್ದೂ ಆ ಹಣ ತಲುಪಿಸಲು ತಾನೇ ಹೊರಟ. ಮನೆ ಮನೆಗೆ ನುಗ್ಗಿ ಗಂಡಸರು ಹೆಂಗಸರೆನ್ನದೆ ಎಳೆದು ಸೆರೆಮನೆಗೆ ತಳ್ಳಿದ್ದವನು, ಅದೇ ಊರಿನ ಬಡವರಿಗೆ ನೆರವು ಹೊತ್ತುಕೊಂಡು ಬಂದ. ಸ್ತೆಫನ ಬದುಕಿದ್ದಾಗ ಮಾಡುತ್ತಿದ್ದುದೂ ಅದೇ ಊರಿನ ಬಡವರ ಸೇವೆ. ಈ ಎರಡನ್ನೂ ಬೈಬಲ್ ಜೋಡಿಸಿ ಹೇಳುವುದಿಲ್ಲ. ಜೋಡಿಸಿ ಓದುತ್ತಿರುವವನು ನಾನು. ಆದರೆ ಸತ್ತವರಿಗೆ ತಲುಪಿಸಲಾಗದ್ದನ್ನು ಅವರು ಪ್ರೀತಿಸಿದವರಿಗೆ ತಲುಪಿಸಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ನಿಮ್ಮ ಅಮ್ಮ ಪ್ರೀತಿಸಿದವರು ಯಾರು? ನಿಮ್ಮ ಪತ್ರದಲ್ಲಿ ತಂಗಿಯ ಹೆಸರು ಒಂದೇ ಒಂದು ಸಲ, ಅದೂ ಜಗಳದ ಕಾರಣವಾಗಿ ಬಂದಿದೆ. ಅಮ್ಮ ಹಾಸಿಗೆ ಹಿಡಿದಾಗ ಮೈ ಒರೆಸಿ, ಗಂಜಿ ಕುಡಿಸಿ, ರಾತ್ರಿ ಎದ್ದು ನೋಡಿದವರು ಅವರೇ ಇರಬೇಕು. ಅಮ್ಮನ ಹೆಸರಿನಲ್ಲಿ ಇಗರ್ಜಿಗೆ ಬೆಂಚು ಮಾಡಿಸಿಕೊಡುವುದು, ವರ್ಷಾಂತಿಕಕ್ಕೆ ಬಲಿಪೂಜೆ ಹೇಳಿಸಿ ನೂರು ಜನರಿಗೆ ಊಟ ಹಾಕುವುದು ಒಳ್ಳೆಯದೇ, ಆದರೆ ಸುಲಭ. ತಂಗಿಯ ಮನೆಯ ಮೆಟ್ಟಿಲು ಹತ್ತುವುದು ಕಷ್ಟ. ಕಷ್ಟದ್ದನ್ನು ಮೊದಲು ಮಾಡಿ. ಕಾಣಿಕೆ ಅರ್ಪಿಸಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಎಂದು ಯೇಸುಸ್ವಾಮಿ ಹೇಳಿದ್ದು ಇಂಥ ಹೊತ್ತಿಗೇ. ಪಾಲಿನ ವಿಷಯದಲ್ಲಿ ನಿಮ್ಮ ಕಡೆ ಹೆಚ್ಚು ಬಂದಿದ್ದರೆ ಅದನ್ನು ಬಿಟ್ಟುಕೊಡಿ, ದಾಖಲೆಯಲ್ಲಿ ಬಿಟ್ಟುಕೊಡಿ. ಬೈಬಲಿನ ಸುಂಕ ವಸೂಲಿಗಾರ ಜಕ್ಕಾಯ ಅತ್ತು ಸುಮ್ಮನಾಗಲಿಲ್ಲ. ಅನ್ಯಾಯವಾಗಿ ಪಡೆದದ್ದಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎಂದು ಎದ್ದುನಿಂತು ಹೇಳಿದ.

ತಂಗಿ ಒಡನೆಯೇ ಕ್ಷಮಿಸಬೇಕೆಂದು ನಿರೀಕ್ಷಿಸಬೇಡಿ. ಏಳೆಪ್ಪತ್ತು ಸಲ ಕ್ಷಮಿಸಬೇಕು ಎಂಬ ವಾಕ್ಯವನ್ನು ಅವರ ಮುಂದೆ ದಯವಿಟ್ಟು ಎತ್ತಬೇಡಿ. ಆ ವಾಕ್ಯ ನೊಂದವರು ತಾವಾಗಿ ಕೇಳಿಸಿಕೊಳ್ಳಬೇಕಾದದ್ದು, ನೋಯಿಸಿದವರು ಬಾಯಲ್ಲಿ ಇಟ್ಟುಕೊಂಡು ಹೋಗುವಂಥದ್ದಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ರಾಜಿ ಮಾಡಿಸಲು ಬಂದ ಹಿರಿಯರು ಇಲ್ಲಿಯೇ ಎಡವುತ್ತಾರೆ.

ಅಮ್ಮನ ಕಡೆಗೂ ದಾರಿ ಪೂರ್ತಿ ಮುಚ್ಚಿಲ್ಲ. ಸಂತರ ಅನ್ಯೋನ್ಯತೆಯನ್ನು ವಿಶ್ವಾಸಿಸುತ್ತೇನೆ ಎಂದು ವಿಶ್ವಾಸ ಸಂಗ್ರಹದಲ್ಲಿ ಹೇಳುವಾಗ, ತೀರಿಕೊಂಡವರೂ ನಾವೂ ಕ್ರಿಸ್ತನಲ್ಲಿ ಒಂದೇ ಕುಟುಂಬ ಎಂದೇ ಹೇಳುತ್ತಿದ್ದೇವೆ. ನವೆಂಬರ್ 2ರಂದು ಮೃತರ ಸ್ಮರಣೆಗೆಂದು ಸಮಾಧಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುವಾಗ, ಅವರಿಗಾಗಿ ಪ್ರಾರ್ಥಿಸಿದ ಮೇಲೆ ನಿಮ್ಮ ಮಾತನ್ನೂ ಬಾಯಿಬಿಟ್ಟು ಹೇಳಿ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಮೃತರಿಗಾಗಿ ಪ್ರಾರ್ಥಿಸುವ ಪದ್ಧತಿಯಿಲ್ಲ. ಅಲ್ಲಿನವರು ಅದೇ ಮಾತನ್ನು ದೇವರ ಮುಂದೆ ಹೇಳಬಹುದು.

ನಿನ್ನನ್ನು ನೀನೇ ಕ್ಷಮಿಸಿಕೋ ಎಂಬ ಸಲಹೆ ಈಗ ಎಲ್ಲ ಕಡೆ ಕೇಳಿಸುತ್ತದೆ. ಹೇಳುವವರ ಉದ್ದೇಶ ಒಳ್ಳೆಯದೇ, ಆದರೆ ನನಗೆ ಅದು ಒಪ್ಪಿಗೆಯಾಗಿಲ್ಲ. ಅಮ್ಮನಿಗೆ ಆದ ನೋವನ್ನು ಮನ್ನಿಸುವ ಹಕ್ಕು ನಿಮ್ಮ ಕೈಯಲ್ಲಿಲ್ಲ. ಇಲ್ಲದ ಹಕ್ಕನ್ನು ಚಲಾಯಿಸಲು ಹೋಗಿಯೇ ಮನಸ್ಸು ಸೋಲುತ್ತದೆ. ದೇವರು ಕೊಟ್ಟದ್ದನ್ನು ಕೈಯೊಡ್ಡಿ ತೆಗೆದುಕೊಳ್ಳುವುದಷ್ಟೇ ನಿಮ್ಮ ಪಾಲಿಗಿರುವುದು. ನಮ್ಮ ಹೃದಯ ನಮ್ಮನ್ನು ಖಂಡಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವರು ಎಂದು ಯೋಹಾನನ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿದೆ. ನಿದ್ದೆ ಬಾರದ ರಾತ್ರಿಗೆ ಆ ಒಂದು ವಾಕ್ಯ ಸಾಕು.

ನಿಮ್ಮಂಥವರ ಮಾತು ಕೇಳಿಸಿಕೊಳ್ಳುವವರಿಗೂ ಒಂದು ಮಾತು. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಮೂವತ್ತು ಬೆಳ್ಳಿನಾಣ್ಯ ಹಿಡಿದುಕೊಂಡು ಮರಳಿದ್ದ, ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಎಂದು ಯಾಜಕರ ಮುಂದೆ ಒಪ್ಪಿಕೊಂಡಿದ್ದ. ಅದರಿಂದ ನಮಗೇನು, ನೀನೇ ನೋಡಿಕೋ ಎಂದು ಅವರು ಹೇಳಿಕಳುಹಿಸಿದರು. ಅವನು ನೇರವಾಗಿ ಹೋಗಿ ನೇಣು ಹಾಕಿಕೊಂಡ. ಯಾರಾದರೂ ಹಳೆಯ ತಪ್ಪನ್ನು ಹೇಳಿಕೊಳ್ಳಲು ಬಂದರೆ, ಹೋದದ್ದು ಹೋಯಿತು ಬಿಡು ಎಂದು ಮಾತು ಮುಗಿಸಬೇಡಿ. ಕುಳಿತು ಕೇಳಿ.

ಕೊರಗು ಕೆಲವೊಮ್ಮೆ ಕಾಯಿಲೆಯೂ ಆಗಿರುತ್ತದೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನಿಸುತ್ತದೆ ಎಂದಾದರೆ ತಡ ಮಾಡದೆ ಮನೋವೈದ್ಯರನ್ನು ಕಾಣಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆ ಎಂದು ತಿಳಿಯಬೇಡಿ. ಜೆಸ್ಯೂಟ್ ಧರ್ಮಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ರೋಗಿಗಳಿಗೆ ಔಷಧಿ ಕೊಡಲು ಕುಳಿತದ್ದು ವಿಶ್ವಾಸ ಸಾಲದೆ ಅಲ್ಲ.

ತಂಗಿಯ ಮನೆಗೆ ಹೇಗೆ ಹೋಗುವುದು ಎಂದು ಹಿಂಜರಿಯುತ್ತಿದ್ದರೆ, ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮಾತೆ ಮರಿಯಳ ಜನ್ಮದಿನದ ಹಬ್ಬ, ಒಳ್ಳೆಯ ನೆವ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಗೆಲ್ಲ ಕೊಡುವ, ದೂರ ಇದ್ದವರಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿ ಕಳುಹಿಸುವ ರೂಢಿ ನಿಮಗೆ ಗೊತ್ತೇ ಇದೆ. ನೀವು ಕೊಲ್ಲಿಯಲ್ಲಿದ್ದಾಗ ಅಮ್ಮ ಕಳುಹಿಸಿಯೂ ಇರಬಹುದು. ಆ ದಿನ ತೆನೆ ಹಿಡಿದು ಹೋಗಿ. ಅಮ್ಮನಿಗೆ ನಾನು ಮಾಡಿದ್ದು ತಪ್ಪು, ನಿನ್ನೊಬ್ಬಳ ಮೇಲೆ ಎಲ್ಲವನ್ನೂ ಬಿಟ್ಟೆ ಎಂದು ಹೇಳಿ. ಆ ಮಾತಿಗೆ ‘ಆದರೆ’ ಎಂಬುದನ್ನು ಸೇರಿಸಬೇಡಿ, ಪಾಲಿನ ಲೆಕ್ಕ ತೆಗೆಯಬೇಡಿ, ಉತ್ತರಕ್ಕಾಗಿ ಕಾಯುತ್ತಾ ಕೂರಬೇಡಿ. ಬಾಗಿಲು ತೆರೆಯದಿದ್ದರೆ ತೆನೆಯನ್ನು ಅಲ್ಲಿಯೇ ಇಟ್ಟು ಬನ್ನಿ, ಮುಂದಿನ ವರ್ಷವೂ ಹೋಗಿ.