ಒದ್ದೆ ಹಾಸಿಗೆಯಿಂದ ಶುರುವಾದ ಚಿಕಿತ್ಸೆ

1939ರ ಸೆಪ್ಟೆಂಬರ್. ಇಂಗ್ಲೆಂಡಿನ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ದೂರು: ಪಟ್ಟಣದಿಂದ ಬಂದ ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ! ಬಾಂಬ್ ಬೀಳುವ ಭಯಕ್ಕೆ ಸರ್ಕಾರ ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಜನರನ್ನು ಊರು ಬಿಡಿಸಿತ್ತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ, ಅಪ್ಪ ಅಮ್ಮನನ್ನು ಬಿಟ್ಟು ಬಂದ ಶಾಲಾ ಮಕ್ಕಳು.

ಕೆಲವು ಮಕ್ಕಳನ್ನು ಯಾವ ಮನೆಯವರೂ ಇಟ್ಟುಕೊಳ್ಳಲಿಲ್ಲ. ಕದಿಯುವವರು, ಓಡಿಹೋಗುವವರು, ದಿನಾ ಹಾಸಿಗೆ ಒದ್ದೆ ಮಾಡುವವರು. ಅವರಿಗೆಂದೇ ಹಾಸ್ಟೆಲ್‌ಗಳನ್ನು ತೆರೆದರು. ಆಕ್ಸ್‌ಫರ್ಡ್‌ಶೈರಿನ ಇಂಥ ಹಾಸ್ಟೆಲ್‌ಗಳಿಗೆ ವಾರವಾರ ಹೋಗುತ್ತಿದ್ದವರು ಡೊನಾಲ್ಡ್ ವಿನಿಕಾಟ್. ಮಕ್ಕಳ ಡಾಕ್ಟರು, ಮನೋವಿಶ್ಲೇಷಕರೂ ಹೌದು. ಮಾತಾಡಿಸಿ ಮನಸ್ಸಿನ ಗಂಟು ಬಿಡಿಸಬೇಕು ಎಂದುಕೊಂಡೇ ಹೋದವರು. ನೋಡಿದರೆ ಚಿಕಿತ್ಸೆ ಆಗಲೇ ನಡೆಯುತ್ತಿತ್ತು! ಮಾಡುತ್ತಿದ್ದುದು ಗೋಡೆ, ಸೂರು, ಅಡುಗೆಯವರು, ಹೊತ್ತಿಗೆ ಸರಿಯಾಗಿ ಬರುವ ಊಟ, ಬೆಚ್ಚನೆ ಹೊದಿಕೆ. ಯುದ್ಧಕಾಲದಲ್ಲೂ ನೀರು ಕಾಯಿಸಲು ರಾಶಿ ಕಲ್ಲಿದ್ದಲು ನುಂಗುವ ದೊಡ್ಡ ಸ್ನಾನದ ತೊಟ್ಟಿ. ಸಿಟ್ಟು ಬಂದಾಗ ಇಟ್ಟಿಗೆ ಎಸೆಯಲು ಸಿಕ್ಕ ಗಾಜಿನ ಕೋಣೆ ಕೂಡ. 1970ರ ಭಾಷಣವೊಂದರಲ್ಲಿ ಅವರೇ ಇದನ್ನೆಲ್ಲ ನೆನೆದರು.

ಹಾಗಂತ ಸುಮ್ನೆ ಪ್ರೀತಿ ಸುರಿದರೆ ಸಾಕು ಎಂದು ಅವರು ಹೇಳಲಿಲ್ಲ. ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಓಡಿಹೋಗುವುದೇ ಚಾಳಿ. ವಿನಿಕಾಟ್ ಮತ್ತು ಅವರ ಮೊದಲ ಹೆಂಡತಿ ಅವನನ್ನು ಮೂರು ತಿಂಗಳು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವನು ಮೈಮೇಲೆ ಬಂದವನಂತೆ ಆಡಿದಾಗ ಡಾಕ್ಟರು ಹೊಡೆಯಲಿಲ್ಲ. ಎತ್ತಿ ಬಾಗಿಲ ಹೊರಗೆ ಬಿಟ್ಟರು, ಮಳೆಯಿರಲಿ, ರಾತ್ರಿಯಿರಲಿ. ನೀನು ಮಾಡಿದ್ದು ನೋಡಿ ನಿನ್ನ ಮೇಲೆ ದ್ವೇಷ ಬಂತು ಎಂದೂ ನೇರವಾಗಿ ಹೇಳಿದರು. ಆದರೆ ಅವನು ಬಾರಿಸಲೆಂದೇ ಒಂದು ಕರೆಗಂಟೆ ಇತ್ತು. ಯಾವಾಗ ಬಾರಿಸಿದರೂ ಒಳಗೆ ಕರೆದುಕೊಳ್ಳುತ್ತಿದ್ದರು, ಆದದ್ದರ ಬಗ್ಗೆ ಚಕಾರ ಎತ್ತುತ್ತಿರಲಿಲ್ಲ. ಇವತ್ತು ಮಗುವನ್ನು ಹಾಗೆ ಮಳೆಗೆ ತಳ್ಳಿದರೆ ಕೇಸ್ ಆಗುತ್ತದೆ, ಆಗಬೇಕು ಕೂಡ. ಆ ಗಂಟೆಯನ್ನು ಮಾತ್ರ ಉಳಿಸಿಕೊಳ್ಳಬಹುದು, ಅಲ್ವಾ?

ಹಾಸ್ಟೆಲ್‌ಗಳಲ್ಲಿ ಜೊತೆಗೆ ದುಡಿದ ಸಮಾಜ ಕಾರ್ಯಕರ್ತೆ ಕ್ಲೇರ್ ಬ್ರಿಟನ್ (ಮುಂದೆ ವಿನಿಕಾಟ್‌ರನ್ನೇ ಮದುವೆಯಾದರು) ಜೊತೆ ಸೇರಿ 1947ರಲ್ಲಿ ಅವರು ಒಂದು ಲೇಖನ ಬರೆದರು. ಇಂಥ ಮಕ್ಕಳ ಪಾಲಿಗೆ ವಸತಿಯ ದಿನದಿನದ ವ್ಯವಸ್ಥೆಯೇ ಚಿಕಿತ್ಸೆ ಎಂಬುದು ಅದರ ತಿರುಳು.

ಮರುವರ್ಷ ಅದೇ ಆಕ್ಸ್‌ಫರ್ಡ್‌ಶೈರಿನ ಸ್ಟ್ಯಾಂಡ್‌ಲೇಕ್ ಹಳ್ಳಿಯಲ್ಲಿ ಬಾರ್ಬರಾ ಡಾಕರ್-ಡ್ರೈಸ್‌ಡೇಲ್ ಇಂಥ ಮಕ್ಕಳಿಗೆಂದೇ ಮಲ್‌ಬೆರಿ ಬುಷ್ ಎಂಬ ಶಾಲೆ ಶುರುಮಾಡಿದರು. ಅವರ ದಾರಿ ಇನ್ನೂ ಸಣ್ಣದು, ಇನ್ನೂ ಕಷ್ಟದ್ದು. ಮಗುವಿಗೆ ತನ್ನದೇ ಒಂದು ತಿಂಡಿ, ತನ್ನದೇ ಒಂದು ಹೊತ್ತು. ಕೊಡುವ ಕೈಯೂ ಒಂದೇ. ಎಳೆತನದಲ್ಲಿ ತಪ್ಪಿಹೋದದ್ದನ್ನು ಇಷ್ಟಿಷ್ಟೇ ತುಂಬಿಕೊಡುವ ಲೆಕ್ಕ. ಜಾಸ್ತಿ ಕೊಡಬೇಕಿಲ್ಲ, ಆದರೆ ಒಪ್ಪಿಕೊಂಡದ್ದನ್ನು ತಪ್ಪಿಸುವಂತಿಲ್ಲ.

1967ರಲ್ಲಿ ರಿಚರ್ಡ್ ಬಾಲ್ಬರ್ನಿ ವಿಲ್ಟ್‌ಶೈರಿನಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗರನ್ನು ಇಡುವ ಒಂದು ಸುಧಾರಣಾ ಶಾಲೆಯ ಚುಕ್ಕಾಣಿ ಹಿಡಿದರು. ಶಿಸ್ತಿನ ಆ ಜಾಗ ಕಾಟ್ಸ್‌ವೋಲ್ಡ್ ಕಮ್ಯುನಿಟಿ ಆಯಿತು. ಹುಡುಗರು ಚಿಕ್ಕ ಚಿಕ್ಕ ಮನೆಗಳಲ್ಲಿ ಗುಂಪಾಗಿ ಇರತೊಡಗಿದರು. ಸಿಬ್ಬಂದಿಗೆ ಸಲಹೆ ಕೊಡಲು ಬಂದವರು ಅದೇ ಡಾಕರ್-ಡ್ರೈಸ್‌ಡೇಲ್. ಅವರು ಸ್ಟ್ಯಾಂಡ್‌ಲೇಕ್‌ನಲ್ಲಿ ಶುರುಮಾಡಿದ ಶಾಲೆ ಈಗಲೂ ಅದೇ ಹಳ್ಳಿಯಲ್ಲಿ ನಡೆಯುತ್ತಿದೆ.